ಸಾಕು ಎನ್ನಲು ಕಲಿತ ರೋಮನ್ನರು: ಪದೇ ಪದೇ ಕೇಳುವ ಪ್ರಶ್ನೆಗಳು

ಸೆನೆಕಾ, ಹೊರೇಸ್, ಮಾರ್ಕಸ್ ಔರೇಲಿಯಸ್ ಇವರ ಮಾತುಗಳು ಈಗ ಒಂದೊಂದು ಸಾಲಿನ ಸುಭಾಷಿತಗಳಾಗಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಸಾಲು ಬರುತ್ತದೆ, ಅದನ್ನು ಬರೆದವನ ಬದುಕು ಅದರ ಜೊತೆ ಬರುವುದಿಲ್ಲ. ಬದುಕನ್ನು ಬಿಟ್ಟು ಓದಿದರೆ ಇವು ಹಿತವಚನಗಳಷ್ಟೇ. ಬದುಕಿನ ಜೊತೆ ಓದಿದರೆ ಎಷ್ಟು ಕಷ್ಟಪಟ್ಟು ಕಲಿತ ಪಾಠವಿದು ಎಂದು ತಿಳಿಯುತ್ತದೆ. ಹಾಗಾಗಿ ಇಲ್ಲಿ ಎರಡನ್ನೂ ಸೇರಿಸಿ ಉತ್ತರಿಸಿದ್ದೇನೆ.

ಜಗತ್ತನ್ನೇ ಗೆಲ್ಲಲು ಹೊರಟವರಿಗೂ ತೃಪ್ತಿಗೂ ಎಲ್ಲಿಯ ಸಂಬಂಧ?

ಗೆದ್ದದ್ದರಿಂದಲೇ ಈ ಪ್ರಶ್ನೆ ಅವರನ್ನು ಕಾಡಿತು. ಕ್ರಿ.ಪೂ. 146ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್, ಗ್ರೀಸಿನ ಕೊರಿಂಥ್ ನಗರಗಳೆರಡೂ ರೋಮಿನ ಕೈಗೆ ಬಿದ್ದವು. ಅಲ್ಲಿಂದ ಮುಂದೆ ಗ್ರೀಸಿನ ಶಿಲ್ಪಗಳು, ಪೂರ್ವದ ಚಿನ್ನ, ಯುದ್ಧದಲ್ಲಿ ಸೆರೆಸಿಕ್ಕ ಗುಲಾಮರು ಎಲ್ಲವೂ ಇಟಲಿಯತ್ತ ಹರಿದುಬಂದವು. ಹೊಲ ಉಳುತ್ತಿದ್ದ ಊರಿಗೆ ಎರಡು ಮೂರು ತಲೆಮಾರಿನಲ್ಲಿ ಅಷ್ಟು ಹಣ ಬಂದರೆ ‘ಇನ್ನೆಷ್ಟು ಬೇಕು?’ ಎಂಬ ಪ್ರಶ್ನೆ ಏಳದೇ ಇರುತ್ತದೆಯೇ?

ಇದರಲ್ಲಿ ನಮ್ಮ ನೆಲದ ಪಾಲೂ ಇದೆ. ದಕ್ಷಿಣ ಭಾರತದ ಮೆಣಸು, ಮುತ್ತು, ನವಿರಾದ ಬಟ್ಟೆಗೆ ರೋಮ್ ಮರುಳಾಗಿತ್ತು. ಭಾರತ ಪ್ರತಿ ವರ್ಷ ಸಾಮ್ರಾಜ್ಯದಿಂದ ಐದು ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಸೆಳೆದುಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಹಿರಿಯ ಪ್ಲಿನಿ ಲೆಕ್ಕ ಬರೆದಿಟ್ಟ. ಖಾರ ಬಿಟ್ಟರೆ ಬೇರೇನೂ ಗುಣವಿಲ್ಲದ ಮೆಣಸಿಗಾಗಿ ಜನ ಭಾರತದವರೆಗೆ ಹೋಗುತ್ತಾರಲ್ಲ ಎಂದು ಬೆರಗಾದವನೂ ಅವನೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಆ ಕಾಲದ ಕೊಡುಕೊಳ್ಳುವಿಕೆಯ ಗುರುತುಗಳು.

ಯಾರನ್ನೆಲ್ಲ ಓದಬೇಕು?

ಮುಖ್ಯವಾಗಿ ಐವರು. ಕವಿ ಹೊರೇಸ್. ಚಕ್ರವರ್ತಿ ನೀರೋನ ಗುರುವಾಗಿದ್ದ ಸೆನೆಕಾ. ಗುಲಾಮನಾಗಿ ಬೆಳೆದು ಗುರುವಾದ ಎಪಿಕ್ಟೀಟಸ್. ಚಕ್ರವರ್ತಿ ಮಾರ್ಕಸ್ ಔರೇಲಿಯಸ್. ಇವರಿಗಿಂತ ಹಿಂದಿನವನಾದ, ಆರು ಭಾಗಗಳ ಒಂದೇ ಕಾವ್ಯ ಬಿಟ್ಟುಹೋದ ಲುಕ್ರೀಷಿಯಸ್. ಎಪಿಕ್ಟೀಟಸ್ ಮತ್ತು ಮಾರ್ಕಸ್‌ರ ಮಾತುಗಳು ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಆ ಕಾಲದ ರೋಮಿನಲ್ಲಿ ತತ್ವಶಾಸ್ತ್ರದ ಭಾಷೆ ಅದೇ ಆಗಿತ್ತು.

‘ಸಾಕು’ ಎಂದರೆ ಎಷ್ಟು? ಅವರು ಲೆಕ್ಕ ಕೊಟ್ಟಿದ್ದಾರೆಯೇ?

ಕೊಟ್ಟಿದ್ದಾರೆ, ಅದರಲ್ಲೂ ಹೊರೇಸ್ ಬಹಳ ಸ್ಪಷ್ಟವಾಗಿ ಕೊಟ್ಟಿದ್ದಾನೆ.

ಅವನು ಕ್ರಿ.ಪೂ. 65ರಲ್ಲಿ ದಕ್ಷಿಣ ಇಟಲಿಯ ವೆನೂಸಿಯಾದಲ್ಲಿ ಹುಟ್ಟಿದವನು. ಅಪ್ಪ ಬಿಡುಗಡೆಯಾದ ಗುಲಾಮ. ಊರಿನ ಶಾಲೆ ಸಾಲದೆಂದು ಮಗನನ್ನು ರೋಮಿಗೇ ಕರೆತಂದು, ಒಬ್ಬೊಬ್ಬ ಮೇಷ್ಟರ ಬಳಿಗೂ ತಾನೇ ಜೊತೆಯಲ್ಲಿ ಹೋಗಿ ಬಿಟ್ಟುಬರುತ್ತಿದ್ದ. ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದಲ್ಲಿ ಹೊರೇಸ್ ಸೋತ ಪಕ್ಷದಲ್ಲಿದ್ದ. ಹಿಂದಿರುಗುವಷ್ಟರಲ್ಲಿ ಅಪ್ಪನ ಆಸ್ತಿ ಕೈಬಿಟ್ಟಿತ್ತು. ಗುಮಾಸ್ತೆಯಾಗಿ ಹೊಟ್ಟೆ ಹೊರೆದ. ಆಮೇಲೆ ಚಕ್ರವರ್ತಿ ಅಗಸ್ಟಸ್‌ನ ಆಪ್ತ ಮೈಸಿನಾಸ್ ಅವನ ಕವಿತೆ ಮೆಚ್ಚಿ ಸ್ನೇಹಿತನಾದ. ರೋಮಿನ ಈಶಾನ್ಯಕ್ಕೆ ಬೆಟ್ಟಗಳ ನಡುವೆ, ಇಂದಿನ ಲಿಚೆನ್ಸಾ ಊರಿನ ಬಳಿ, ಒಂದು ಹೊಲಮನೆ ಅವನಿಗೆ ಸಿಕ್ಕಿತು.

ಆಗ ಅವನು ಬರೆದದ್ದರ ಸಾರ ಹೀಗಿದೆ: ನಾನು ಬೇಡಿಕೊಳ್ಳುತ್ತಿದ್ದದ್ದು ಇಷ್ಟೇ, ತೀರಾ ದೊಡ್ಡದಲ್ಲದ ಒಂದು ತುಂಡು ಭೂಮಿ, ಒಂದು ತೋಟ, ಮನೆಯ ಹತ್ತಿರ ಬತ್ತದ ನೀರಬುಗ್ಗೆ, ಮೇಲೊಂದಿಷ್ಟು ಕಾಡು. ದೇವರು ಅದಕ್ಕಿಂತ ಹೆಚ್ಚೇ ಕೊಟ್ಟಿದ್ದಾನೆ. ಇನ್ನೇನೂ ಕೇಳುವುದಿಲ್ಲ, ಇದು ನನ್ನದಾಗಿ ಉಳಿಯಲಿ.

ಅದರ ಬೆನ್ನಿಗೇ ಅವನು ತಾನು ಎಂದೂ ಮಾಡದ ಒಂದು ಪ್ರಾರ್ಥನೆಯನ್ನು ಹೇಳುತ್ತಾನೆ: ‘ಅಯ್ಯೋ, ಪಕ್ಕದವನ ಆ ಒಂದು ಮೂಲೆ ಸಿಕ್ಕಿದ್ದರೆ! ಅದರಿಂದಲೇ ನನ್ನ ಹೊಲದ ಅಂದ ಕೆಟ್ಟಿದೆ.’ ಜಮೀನು ಇರುವ ಮನೆಯಲ್ಲಿ ಬೆಳೆದವರು ಯಾರೇ ಆಗಲಿ, ಬದುವಿನ ಮೇಲೆ ನಿಂತು ಈ ಮಾತಾಡಿದವರನ್ನು ನೋಡಿರುತ್ತಾರೆ. ಎಷ್ಟೋ ಮನೆಗಳ ನೆಮ್ಮದಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ಆ ಒಂದು ಮೂಲೆಗಾಗಿಯೇ. ಸಾಕು ಎನ್ನುವುದು ಒಂದು ಮೊತ್ತವೆಂದು ಹೊರೇಸ್ ತಿಳಿಯಲಿಲ್ಲ. ಅವನಿಗೆ ಅದು ಕೈಗೆ ಬರುವ ಮೊದಲೇ ಎಳೆದುಕೊಂಡಿರಬೇಕಾದ ಗೆರೆ. ಬಂದ ಮೇಲೆ ಎಳೆಯಲು ಹೋದರೆ ಅದು ಮುಂದೆ ಮುಂದೆ ಸರಿಯುತ್ತಲೇ ಹೋಗುತ್ತದೆ.

ಇನ್ನೊಂದು ಕವಿತೆಯಲ್ಲಿ ಅವನು ಕೇಳುತ್ತಾನೆ: ನಿನಗೆ ಬೇಕಿರುವುದು ಒಂದು ಲೋಟ ನೀರು. ಅದನ್ನು ಈ ಸಣ್ಣ ಬುಗ್ಗೆಯಲ್ಲಿ ಹಿಡಿಯುವುದು ಬಿಟ್ಟು ಮಹಾನದಿಯಲ್ಲೇ ಮೊಗೆಯುತ್ತೇನೆ ಎನ್ನುತ್ತೀಯಲ್ಲ, ಏಕೆ? ಹಾಗೆ ಹೋದವರನ್ನು ಔಫಿಡಸ್ ನದಿ ದಡದ ಸಮೇತ ಕೊಚ್ಚಿಕೊಂಡು ಹೋಗುತ್ತದೆ. ಬೇಕಾದಷ್ಟನ್ನೇ ಬಯಸುವವನು ಕೆಸರು ಕಲೆತ ನೀರನ್ನೂ ಕುಡಿಯುವುದಿಲ್ಲ, ಪ್ರಾಣವನ್ನೂ ಕಳೆದುಕೊಳ್ಳುವುದಿಲ್ಲ. ಔಫಿಡಸ್ ಅವನು ಹುಟ್ಟಿದ ಸೀಮೆಯ ನದಿ. ಅದರ ಪ್ರವಾಹ ಬಲ್ಲವನ ಮಾತಿದು.

ಅಗಸ್ಟಸ್ ಅವನನ್ನು ತನ್ನ ಆಪ್ತ ಕಾರ್ಯದರ್ಶಿಯಾಗಲು ಕರೆದಾಗ ಹೊರೇಸ್ ಒಪ್ಪಲಿಲ್ಲ. ಅಂದಿನ ರೋಮಿನಲ್ಲಿ ಅದಕ್ಕಿಂತ ದೊಡ್ಡ ಬಾಗಿಲು ಯಾರಿಗೆ ತೆರೆಯುತ್ತಿತ್ತು? ನಾನು ಅವನ ಮಾತನ್ನು ನಂಬುವುದು ಈ ಕಾರಣಕ್ಕೆ.

ಹಣ ಹೆಚ್ಚಿದ್ದರೆ ಭಯ ಕಡಿಮೆಯಾಗುವುದಿಲ್ಲವೇ?

ಇದಕ್ಕೆ ಉತ್ತರವಾಗಿ ಸೆನೆಕಾ ಕಾರ್ಸಿಕಾ ದ್ವೀಪದ ಗಡಿಪಾರಿನಿಂದ ತನ್ನ ತಾಯಿ ಹೆಲ್ವಿಯಾಗೆ ಬರೆದದ್ದನ್ನು ಓದಬೇಕು. ಅಪೀಸಿಯಸ್ ಎಂಬ ಪ್ರಸಿದ್ಧ ಭೋಜನಪ್ರಿಯನೊಬ್ಬನಿದ್ದ. ಅಡುಗೆಮನೆಯ ಮೇಲೆ ಹತ್ತು ಕೋಟಿ ಸೆಸ್ಟರ್ಸ್ ಸುರಿದ. ಸಾಲ ಮೇಲೆ ಬಂದಾಗ ಮೊದಲ ಬಾರಿ ಲೆಕ್ಕ ತೆಗೆದು ನೋಡಿದ. ಎಲ್ಲ ಕಳೆದು ಇನ್ನೂ ಒಂದು ಕೋಟಿ ಉಳಿಯುತ್ತಿತ್ತು. ಒಂದು ಕೋಟಿಯಲ್ಲಿ ಬದುಕುವುದೆಂದರೆ ಹಸಿದು ಸತ್ತಂತೆ ಎಂದುಕೊಂಡು ವಿಷ ಕುಡಿದ.

ಆ ಕಾಲದಲ್ಲಿ ರೋಮನ್ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಅಂದರೆ ಅಪೀಸಿಯಸ್‌ಗೆ ಸಾಲದು ಅನ್ನಿಸಿದ ಹಣ ಒಬ್ಬ ಸೈನಿಕನ ಹನ್ನೊಂದು ಸಾವಿರ ವರ್ಷದ ಸಂಬಳಕ್ಕಿಂತ ಹೆಚ್ಚು. ಸ್ನೇಹಿತ ಲುಸಿಲಿಯಸ್‌ಗೆ ಬರೆದ ಎರಡನೆಯ ಪತ್ರದಲ್ಲಿ ಸೆನೆಕಾ ಬಡವನೆಂದರೆ ಕಡಿಮೆ ಇರುವವನಲ್ಲ, ಇನ್ನೂ ಬೇಕೆನ್ನುವವನು ಎಂದಾಗ ಅದು ಅಲಂಕಾರದ ಮಾತಾಗಿರಲಿಲ್ಲ. ಅಂಥವರ ನಡುವೆಯೇ ಅವನು ಊಟ ಮಾಡುತ್ತಿದ್ದ.

ಸೆನೆಕಾನೇ ಕೋಟ್ಯಧೀಶನಲ್ಲವೇ? ಅವನಿಂದ ಸರಳತೆಯ ಪಾಠವೇ?

ಈ ಆಕ್ಷೇಪ ಅವನು ಬದುಕಿದ್ದಾಗಲೇ ಎದ್ದಿತ್ತು. ಯಾವ ತತ್ವಜ್ಞಾನದ ಬಲದಿಂದ ನಾಲ್ಕೇ ವರ್ಷದಲ್ಲಿ ಮೂವತ್ತು ಕೋಟಿ ಸೆಸ್ಟರ್ಸ್ ಸಂಪಾದಿಸಿದ ಎಂದು ಸುಯಿಲ್ಲಿಯಸ್ ಎಂಬುವನು ಕ್ರಿ.ಶ. 58ರಲ್ಲಿ ಬಹಿರಂಗವಾಗಿ ಕೇಳಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ನೀರೋನ ಆಸ್ಥಾನದಲ್ಲಿ ಕುಳಿತು, ನೀರೋನ ಕೊಡುಗೆಗಳನ್ನು ಪಡೆದು ಬೆಳೆದ ಸಂಪತ್ತು ಅದು. ನನ್ನ ಮಟ್ಟಿಗೆ ಇದು ಸಣ್ಣ ಕಳಂಕವಲ್ಲ. ಅವನ ಬದುಕು ಅವನ ಮಾತಿಗಿಂತ ಬಹಳ ಕಾಲ ಹಿಂದೆಯೇ ಉಳಿದಿತ್ತು.

ಆದರೂ ಅವನನ್ನು ಬಿಡಲು ನನಗೆ ಆಗುವುದಿಲ್ಲ. 87ನೆಯ ಪತ್ರ ಅದಕ್ಕೆ ಕಾರಣ. ಮುದುಕ ಸೆನೆಕಾ, ಸ್ನೇಹಿತ ಮ್ಯಾಕ್ಸಿಮಸ್ ಜೊತೆ ಎರಡು ದಿನದ ಪ್ರಯಾಣ ಹೊರಟಿದ್ದಾನೆ. ಒಂದೇ ಬಂಡಿಯಲ್ಲಿ ಹಿಡಿಸುವಷ್ಟು ಆಳುಗಳು, ಮೈಮೇಲಿನದು ಬಿಟ್ಟು ಬೇರೆ ಸಾಮಾನಿಲ್ಲ. ನೆಲದ ಮೇಲೆ ಹಾಸಿಗೆ. ಎರಡು ಮೇಲಂಗಿಗಳಲ್ಲಿ ಒಂದು ಹಾಸಲು, ಒಂದು ಹೊದೆಯಲು. ಊಟಕ್ಕೆ ಒಣ ಅಂಜೂರ ತಪ್ಪದು. ರೊಟ್ಟಿ ಇದ್ದರೆ ಅಂಜೂರವೇ ಪಲ್ಯ, ಇಲ್ಲದಿದ್ದರೆ ಅಂಜೂರವೇ ರೊಟ್ಟಿ. ಹಳ್ಳಿಯ ಗಾಡಿ. ಹೇಸರಗತ್ತೆಗಳು ಜೀವಂತ ಇವೆ ಎನ್ನಲು ನಡೆಯುತ್ತಿರುವುದೊಂದೇ ಸಾಕ್ಷಿ. ಗಾಡಿ ಹೊಡೆಯುವವನ ಕಾಲಲ್ಲಿ ಚಪ್ಪಲಿ ಇಲ್ಲ.

ಎಲ್ಲ ಹಿತವಾಗಿಯೇ ಇದೆ. ಆದರೆ ಎದುರಿನಿಂದ ಯಾರಾದರೂ ಠೀವಿಯ ಪರಿವಾರದವರು ಬಂದರೆ ತನ್ನ ಮುಖ ಕೆಂಪಾಗುತ್ತದೆ, ಈ ಗಾಡಿ ನನ್ನದೆಂದು ಅವರಿಗೆ ಗೊತ್ತಾಗದಿರಲಿ ಅನ್ನಿಸುತ್ತದೆ ಎಂದು ಅವನೇ ಬರೆಯುತ್ತಾನೆ. ಹರಕು ಗಾಡಿಗೆ ನಾಚುವವನು ಒಳ್ಳೆಯ ಗಾಡಿ ಸಿಕ್ಕಾಗ ಜಂಬ ಪಡುತ್ತಾನೆ, ಹಾಗಾಗಿ ನಾನಿನ್ನೂ ಹೆಚ್ಚು ಮುಂದೆ ಬಂದಿಲ್ಲ ಎನ್ನುತ್ತಾನೆ. ಮದುವೆ ಮನೆಯ ಮುಂದೆ ಹಳೇ ಸ್ಕೂಟರನ್ನು ದೂರ ನಿಲ್ಲಿಸಿ ನಡೆದು ಬರುವವರ ಮನಸ್ಸು ಇದೇ ಅಲ್ಲವೇ? ತನ್ನ ಆಳದ ನಾಚಿಕೆಯನ್ನು ಇಷ್ಟು ನೇರವಾಗಿ ಮುಂದಿಟ್ಟವನಿಂದ ಕಲಿಯಲು ನನಗೆ ಸಂಕೋಚವಿಲ್ಲ.

ಕ್ರಿ.ಶ. 62ರಲ್ಲಿ ಅವನು ಎಲ್ಲ ಸಂಪತ್ತನ್ನೂ ಮರಳಿಸುತ್ತೇನೆಂದು ನೀರೋನನ್ನು ಕೇಳಿಕೊಂಡ. ನೀರೋ ಒಪ್ಪಲಿಲ್ಲ. ಕೊನೆಗಾಲದಲ್ಲಿ ವಿಷದ ಭಯದಿಂದ ಕಾಡುಹಣ್ಣು ತಿಂದು ಹರಿಯುವ ನೀರು ಕುಡಿದು ಬದುಕಿದ ಎಂದು ಟ್ಯಾಸಿಟಸ್ ಹೇಳುತ್ತಾನೆ. 65ರಲ್ಲಿ ನೀರೋನ ಆಜ್ಞೆಯಂತೆ ಪ್ರಾಣ ಬಿಟ್ಟ.

ಓದಿ ಮೆಚ್ಚಿದರೆ ಸಾಲದು, ಮಾಡಬೇಕಾದ್ದೇನು?

ಅವರಿಗೆ ತತ್ವವೆಂದರೆ ದಿನದ ಅಭ್ಯಾಸ. ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಬಡತನದ ಅಭ್ಯಾಸ. ಡಿಸೆಂಬರಿನಲ್ಲಿ ಇಡೀ ರೋಮ್ ಸ್ಯಾಟರ್ನೇಲಿಯಾ ಹಬ್ಬದ ಗದ್ದಲದಲ್ಲಿ ಮುಳುಗಿದ್ದಾಗ ಸೆನೆಕಾ 18ನೆಯ ಪತ್ರ ಬರೆದ. ಮೂರು ನಾಲ್ಕು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಅತಿ ಅಗ್ಗದ ಊಟ, ಒರಟು ಬಟ್ಟೆ, ಗಟ್ಟಿ ಹಾಸಿಗೆಯಲ್ಲಿ ಕಳೆದು ನೋಡು. ಆಮೇಲೆ ಕೇಳಿಕೋ: ‘ನಾನು ಹೆದರುತ್ತಿದ್ದದ್ದು ಇದಕ್ಕೇನಾ?’ ಜೊತೆಗೇ ಎಚ್ಚರಿಸುತ್ತಾನೆ: ಏನೋ ಮಹತ್ತಾದದ್ದು ಮಾಡಿದೆ ಎಂದು ಭಾವಿಸಬೇಡ, ಸಾವಿರಾರು ಗುಲಾಮರು, ಬಡವರು ಪ್ರತಿದಿನ ಮಾಡುತ್ತಿರುವುದನ್ನೇ ನೀನು ಮಾಡುತ್ತಿರುವುದು. ಈ ಎಚ್ಚರಿಕೆ ಇಲ್ಲದೆ ಮಾಡುವ ಉಪವಾಸ, ಡಯಟ್ಟು, ಸರಳ ಜೀವನದ ಪ್ರದರ್ಶನ ಎಲ್ಲವೂ ಅಹಂಕಾರಕ್ಕೆ ಹಾಕುವ ಗೊಬ್ಬರ.

ಎರಡನೆಯದು ರಾತ್ರಿಯ ಲೆಕ್ಕ. ದೀಪ ತೆಗೆದ ಮೇಲೆ, ತನ್ನ ಅಭ್ಯಾಸ ಬಲ್ಲ ಹೆಂಡತಿ ಸುಮ್ಮನಾದ ಮೇಲೆ, ಸೆನೆಕಾ ಇಡೀ ದಿನವನ್ನು ತಿರುಗಿ ನೋಡುತ್ತಿದ್ದ. ಅವನಿಗೆ ಅಲ್ಲಿ ಸಿಗುತ್ತಿದ್ದದ್ದು ದೊಡ್ಡ ಪಾಪಗಳಲ್ಲ. ‘ಅವನಿಗೆ ಬುದ್ಧಿ ಹೇಳುವಾಗ ಮಾತು ಬಿರುಸಾಯಿತು, ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ’, ಇಂಥವು. ಬೈದುಕೊಳ್ಳದೆ, ಇನ್ನೊಮ್ಮೆ ಹಾಗೆ ಮಾಡಬೇಡ ಎಂದು ತನಗೆ ತಾನೇ ಹೇಳಿ ಮಲಗುತ್ತಿದ್ದ.

ಮೂರನೆಯದು ಕಳೆದುಕೊಂಡಾಗಿನ ಅಭ್ಯಾಸ. ಎಪಿಕ್ಟೀಟಸ್ ಮನೆದೇವರ ಮುಂದೆ ಒಂದು ಕಬ್ಬಿಣದ ದೀಪ ಇಟ್ಟಿದ್ದ. ಒಂದು ದಿನ ಕಿಟಕಿಯ ಬಳಿ ಸದ್ದಾಯಿತು. ಇಳಿದು ಓಡಿ ನೋಡಿದರೆ ದೀಪ ಇಲ್ಲ. ನಾಳೆ ಮಣ್ಣಿನದೊಂದು ತಂದರಾಯಿತು, ಇದ್ದದ್ದನ್ನು ತಾನೇ ಕಳೆದುಕೊಳ್ಳುವುದು ಎಂದುಕೊಂಡ. ಅವನು ತೀರಿಕೊಂಡ ಮೇಲೆ ಆ ಮಣ್ಣಿನ ದೀಪವನ್ನು ಒಬ್ಬ 3000 ದ್ರಾಕ್ಮಾ (ಗ್ರೀಕ್ ನಾಣ್ಯ) ಕೊಟ್ಟು ಕೊಂಡುಕೊಂಡನೆಂದು ವಿಡಂಬನಕಾರ ಲೂಸಿಯನ್ ಬರೆದಿದ್ದಾನೆ. ಅದರ ಬೆಳಕಿನಲ್ಲಿ ಓದಿದರೆ ಅವನ ಜ್ಞಾನ ತನಗೂ ಬಂದೀತು ಎಂದು ಆ ಮನುಷ್ಯ ನಂಬಿದ್ದನಂತೆ.

ನಾಲ್ಕನೆಯದು ಪಂಕ್ತಿಯಲ್ಲಿ ಕುಳಿತ ಹಾಗೆ ಬದುಕುವುದು. ಇದೂ ಎಪಿಕ್ಟೀಟಸ್‌ನದೇ. ಬಡಿಸುತ್ತಾ ಬಂದದ್ದು ನಿನ್ನ ಮುಂದೆ ಬಂದರೆ ಕೈಚಾಚಿ ಮಿತವಾಗಿ ತೆಗೆದುಕೋ. ಮುಂದೆ ಹೋಯಿತೇ, ಹಿಡಿದು ನಿಲ್ಲಿಸಬೇಡ. ಇನ್ನೂ ಬಂದಿಲ್ಲವೇ, ಆಸೆಯನ್ನು ಅಲ್ಲಿಯವರೆಗೆ ಎಸೆಯಬೇಡ. ಮಕ್ಕಳು, ಸಂಗಾತಿ, ಅಧಿಕಾರ, ಹಣ ಎಲ್ಲಕ್ಕೂ ಇದೇ ನಡೆ ಇರಲಿ ಎನ್ನುತ್ತಾನೆ.

‘ಇಂದಿನ ದಿನವನ್ನು ಹಿಡಿದುಕೋ’ ಎಂದರೆ ಮಜಾ ಮಾಡು ಎಂದೇ?

ಇದು ಹೊರೇಸ್‌ನ ಕವಿತೆಯೊಂದರ ಸಾಲು. ಆ ಕವಿತೆಯನ್ನು ಪೂರ್ತಿ ಓದಿದರೆ ಹಾಗೆ ಅನ್ನಿಸುವುದಿಲ್ಲ. ಹೊರೇಸ್ ಮಾತಾಡುತ್ತಿರುವುದು ಲ್ಯೂಕೊನೊಯಿ ಎಂಬ ಹೆಣ್ಣಿನ ಜೊತೆ. ಆಕೆ ಬ್ಯಾಬಿಲೋನಿಯದ ಜ್ಯೋತಿಷ್ಯದ ಲೆಕ್ಕಗಳನ್ನು ಹಿಡಿದು ತನ್ನ ಆಯಸ್ಸೆಷ್ಟು, ಇವನದೆಷ್ಟು ಎಂದು ತಿಳಿಯಲು ಹೊರಟಿದ್ದಾಳೆ. ಹೊರಗೆ ಚಳಿಗಾಲದ ಕಡಲು ಬಂಡೆಗಳಿಗೆ ಬಡಿಯುತ್ತಿದೆ. ಬೇಡ, ಅದನ್ನು ಕೇಳಬೇಡ, ದ್ರಾಕ್ಷಾರಸ ಸೋಸು, ಉದ್ದದ ಆಸೆಯನ್ನು ಕತ್ತರಿಸು, ನಾವು ಮಾತಾಡುತ್ತಿರುವಾಗಲೇ ಕಾಲ ಓಡಿಹೋಯಿತು ಎನ್ನುತ್ತಾನೆ. ಜಾತಕ ಹಿಡಿದು ನಾಳೆಯ ಚಿಂತೆಯಲ್ಲೇ ಇರುವವರಿಗೆ, ಮನೆಯೊಳಗಿನ ಒಂದು ಸಣ್ಣ ಕೆಲಸದತ್ತ ಕೈತೋರಿಸುವ ಕವಿತೆ ಇದು.

ಊರು ಬಿಟ್ಟು ಹಳ್ಳಿಗೋ ಬೆಟ್ಟಕ್ಕೋ ಹೋದರೆ ನೆಮ್ಮದಿ ಸಿಗುತ್ತದೆಯೇ?

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕುಳಿತು ಸಕಲೇಶಪುರದ ಕನಸು ಕಾಣುವವರ ಪ್ರಶ್ನೆ ಇದು. ಲುಕ್ರೀಷಿಯಸ್ ಒಂದು ಚಿತ್ರ ಬಿಡಿಸುತ್ತಾನೆ. ಮನೆಯಲ್ಲಿ ಬೇಸತ್ತ ಶ್ರೀಮಂತ, ಹೊಲಮನೆಗೆ ಬೆಂಕಿ ಬಿದ್ದಿದೆಯೇನೋ ಎಂಬಂತೆ ಕುದುರೆ ಓಡಿಸಿಕೊಂಡು ಅಲ್ಲಿಗೆ ಧಾವಿಸುತ್ತಾನೆ. ಹೊಸಿಲಲ್ಲಿ ಕಾಲಿಟ್ಟೊಡನೆ ಆಕಳಿಕೆ. ಇಲ್ಲವೇ ನಿದ್ದೆ, ಇಲ್ಲವೇ ಮತ್ತೆ ಊರಿಗೆ ಓಟ. ತನ್ನಿಂದ ತಾನೇ ಓಡುತ್ತಿದ್ದಾನೆ, ತಪ್ಪಿಸಿಕೊಳ್ಳಲು ಆಗುತ್ತಿಲ್ಲ. ಕಡಲು ದಾಟುವವರು ಬದಲಿಸುವುದು ತಲೆಯ ಮೇಲಿನ ಆಕಾಶವನ್ನು, ಒಳಗಿನ ಮನಸ್ಸನ್ನಲ್ಲ ಎಂದು ಹೊರೇಸ್ ಹೇಳಿದ್ದೂ ಇದನ್ನೇ.

ಇದಕ್ಕೆ ಕವಿ ಮಾರ್ಷಿಯಲ್‌ನ ಬದುಕೇ ಸಾಕ್ಷಿ. ಸುಖದ ಬದುಕಿಗೆ ಏನೇನು ಬೇಕೆಂದು ಅವನು ಸ್ನೇಹಿತನಿಗೆ ಒಂದು ಪಟ್ಟಿಯನ್ನೇ ಬರೆದುಕೊಟ್ಟ: ದುಡಿಯದೆ ಬಂದ ಪಿತ್ರಾರ್ಜಿತ, ಬೆಳೆ ಕೊಡುವ ಹೊಲ, ಆರದ ಒಲೆ, ವ್ಯಾಜ್ಯವಿಲ್ಲದ ದಿನಗಳು, ಸರಿಸಮಾನ ಸ್ನೇಹಿತರು, ಆಡಂಬರವಿಲ್ಲದ ಊಟ, ಇರುವುದನ್ನೇ ಬಯಸುವ ಮನಸ್ಸು. ಬಹಳ ವರ್ಷ ರೋಮಿನಲ್ಲಿದ್ದು ಬೇಸತ್ತು, ಕೊನೆಗೆ ಸ್ಪೇನಿನ ತನ್ನ ಹುಟ್ಟೂರು ಬಿಲ್ಬಿಲಿಸ್‌ಗೆ ಮರಳಿದ. ಅಲ್ಲಿಂದ ಬರೆದ ಪುಸ್ತಕದ ಮುನ್ನುಡಿಯಲ್ಲಿ ರೋಮಿನ ಗ್ರಂಥಾಲಯ, ರಂಗಮಂದಿರ, ಗೋಷ್ಠಿಗಳಿಗಾಗಿ ಹಂಬಲಿಸುತ್ತಾನೆ, ಸಣ್ಣ ಊರಿನ ಹೊಟ್ಟೆಕಿಚ್ಚಿನ ಬಗ್ಗೆ ನೋಯುತ್ತಾನೆ. ಪಟ್ಟಿಯ ಕೊನೆಯದೊಂದನ್ನು ಬಿಟ್ಟು ಉಳಿದೆಲ್ಲ ಸಿಕ್ಕರೂ ಸಾಲದು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

ತೃಪ್ತಿ ಎಂದರೆ ಅನ್ಯಾಯವನ್ನು ಸಹಿಸಿಕೊಂಡಿರುವುದೇ?

ಖಂಡಿತ ಅಲ್ಲ. ಚಕ್ರವರ್ತಿ ವೆಸ್ಪಾಸಿಯನ್, ಸೆನೆಟ್ ಸದಸ್ಯ ಹೆಲ್ವಿಡಿಯಸ್ ಪ್ರಿಸ್ಕಸ್‌ಗೆ ಸಭೆಗೆ ಬರಬೇಡವೆಂದು ಹೇಳಿಕಳಿಸಿದ. ನನ್ನನ್ನು ಸದಸ್ಯತ್ವದಿಂದ ತೆಗೆಯುವುದು ನಿನ್ನ ಕೈಯಲ್ಲಿದೆ, ಸದಸ್ಯನಾಗಿರುವವರೆಗೆ ನಾನು ಬರಲೇಬೇಕು ಎಂದ ಅವನು. ಬಾ, ಆದರೆ ಮಾತಾಡಬೇಡ ಎಂದ ಚಕ್ರವರ್ತಿ. ಅಭಿಪ್ರಾಯ ಕೇಳದಿದ್ದರೆ ಆಡುವುದಿಲ್ಲ. ಕೇಳಲೇಬೇಕಾಗುತ್ತದೆ. ಹಾಗಾದರೆ ನ್ಯಾಯ ಕಂಡದ್ದನ್ನು ಹೇಳಲೇಬೇಕಾಗುತ್ತದೆ. ಹೇಳಿದರೆ ಕೊಲ್ಲುತ್ತೇನೆ. ನಾನು ಅಮರನೆಂದು ನಿನಗೆ ಯಾವಾಗ ಹೇಳಿದೆ? ಈ ಮಾತುಕತೆಯನ್ನು ಎಪಿಕ್ಟೀಟಸ್ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ. ಹೆಲ್ವಿಡಿಯಸ್ ಕೊನೆಗೂ ಪ್ರಾಣ ತೆತ್ತ. ಬೇಡಿಕೆ ಕಡಿಮೆ ಇರುವವನನ್ನು ಹೆದರಿಸುವುದೂ ಕೊಳ್ಳುವುದೂ ಕಷ್ಟ. ಅನ್ಯಾಯಕ್ಕೆ ಎದುರು ನಿಲ್ಲಲು ತೃಪ್ತಿಯೇ ಬಲ ಕೊಟ್ಟ ಉದಾಹರಣೆ ಇದು.

ಗುಲಾಮರ ದುಡಿಮೆಯ ಮೇಲೆ ಕುಳಿತು ತೃಪ್ತಿಯ ಮಾತೇ?

ಈ ಪ್ರಶ್ನೆಯನ್ನು ತಪ್ಪಿಸಿ ಮುಂದೆ ಹೋಗಬಾರದು. ಹೊರೇಸ್‌ನ ‘ಸಣ್ಣ’ ಹೊಲದಲ್ಲಿ ಎಂಟು ಗುಲಾಮರು ದುಡಿಯುತ್ತಿದ್ದರು, ಅದರ ಜೊತೆ ಐದು ಒಕ್ಕಲು ಕುಟುಂಬಗಳಿದ್ದವು. ಇದು ಅವನ ಕವಿತೆಗಳಿಂದಲೇ ತಿಳಿಯುತ್ತದೆ. ಎದುರುಮಾತಾಡಿದ ಆಳು ಡೇವಸ್‌ಗೆ, ಸುಮ್ಮನಿರದಿದ್ದರೆ ಒಂಬತ್ತನೆಯವನಾಗಿ ಹೊಲಕ್ಕೆ ಕಳಿಸುತ್ತೇನೆ ಎಂದು ಗದರುತ್ತಾನೆ. ಗುಲಾಮರೂ ಮನುಷ್ಯರು, ಅವರ ಜೊತೆ ಕುಳಿತು ಉಣ್ಣು ಎಂದು ಸೆನೆಕಾ 47ನೆಯ ಪತ್ರದಲ್ಲಿ ವಾದಿಸಿದ. ಆದರೆ ಆ ಪದ್ಧತಿಯೇ ಹೋಗಲಿ ಎನ್ನಲಿಲ್ಲ. ಹಾಗಾಗಿ ಅವರ ತೃಪ್ತಿಯ ಮಾತನ್ನು ನಾವು ನಮಗೆ ಹೇಳಿಕೊಳ್ಳಬಹುದು. ನಮಗಿಂತ ಕಡಿಮೆ ಇರುವವರಿಗೆ, ನಮ್ಮ ಮನೆಯಲ್ಲಿ ದುಡಿಯುವವರಿಗೆ ಉಪದೇಶಿಸುವ ಹಕ್ಕು ನಮಗಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಏನಾದರೂ ಹೇಳಿದ್ದಾರೆಯೇ?

ಎಪಿಕ್ಟೀಟಸ್‌ನ ಗುರು ಮ್ಯುಸೋನಿಯಸ್ ರೂಫಸ್ ಹೇಳಿದ್ದಾನೆ. ಗಂಡಸರಿಗಿರುವ ಬುದ್ಧಿಯೇ ಹೆಂಗಸರಿಗೂ ಇದೆ, ಅವರೂ ತತ್ವ ಕಲಿಯಬೇಕು, ಮಗ ಮಗಳಿಗೆ ಶಿಕ್ಷಣ ಒಂದೇ ಇರಬೇಕು ಎಂದ. ಒಂದನೆಯ ಶತಮಾನಕ್ಕೆ ಅದು ದಿಟ್ಟ ಮಾತು.

ದುಃಖ ಬಂದಾಗ ಇದೆಲ್ಲ ಕೆಲಸಕ್ಕೆ ಬರುತ್ತದೆಯೇ?

ತಕ್ಷಣ ಬರುವುದಿಲ್ಲ. ಕ್ರಿ.ಪೂ. 45ರಲ್ಲಿ ಮಗಳು ಟುಲಿಯಾ ತೀರಿಕೊಂಡಾಗ ರೋಮಿನ ರಾಜಕಾರಣಿ, ಲೇಖಕ ಸಿಸೆರೊ ಎಲ್ಲ ಬಿಟ್ಟು ಆಸ್ತುರಾದ ಕಡಲತೀರದ ಮನೆಗೆ ಹೋದ. ಬೆಳಗ್ಗೆ ದಟ್ಟ ಕಾಡು ಹೊಕ್ಕರೆ ಸಂಜೆಯವರೆಗೆ ಹೊರಬರುತ್ತಿರಲಿಲ್ಲ, ಓದಿದರೂ ಅಳು ಬರುತ್ತದೆ ಎಂದು ಸ್ನೇಹಿತ ಅಟ್ಟಿಕಸ್‌ಗೆ ಬರೆದ. ಅದೇ ವರ್ಷ ನೋವು, ಸಾವು, ಸುಖಗಳ ಬಗ್ಗೆ ಅವನು ಬರೆಯುತ್ತಲೇ ಹೋದ. ಮಾರ್ಕಸ್ ಔರೇಲಿಯಸ್ ತನ್ನ ಹಲವು ಮಕ್ಕಳನ್ನು ಎಳವೆಯಲ್ಲೇ ಕಳೆದುಕೊಂಡವನು. ಅವನ ಟಿಪ್ಪಣಿಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದಿರಬೇಕು. ಒಮ್ಮೆ ಹೇಳಿಕೊಂಡರೆ ಮನಸ್ಸು ಕೇಳುವುದಿಲ್ಲ.

ಎಲ್ಲಿಂದ ಶುರುಮಾಡಲಿ?

ಸೆನೆಕಾ ಲುಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ 124 ಉಳಿದಿವೆ. ಮೊದಲು 18ನ್ನೂ 87ನ್ನೂ ಓದಿ. ಆಮೇಲೆ ಹೊರೇಸ್‌ನ ವಿಡಂಬನೆಗಳ ಎರಡನೆಯ ಪುಸ್ತಕದ ಆರನೆಯ ಕವಿತೆ. ಪೇಟೆಯ ಇಲಿ, ಹಳ್ಳಿಯ ಇಲಿಯ ಕಥೆ ಅದರ ಕೊನೆಯಲ್ಲೇ ಇದೆ, ಮಕ್ಕಳಿಗೂ ಓದಿ ಹೇಳಬಹುದು. ಮಾರ್ಕಸ್‌ನದಾದರೆ ಮೊದಲನೆಯ ಭಾಗ ಸಾಕು. ಅದರಲ್ಲಿ ಉಪದೇಶವಿಲ್ಲ, ಯಾರಿಂದ ಏನು ಕಲಿತೆ ಎಂಬ ಋಣದ ಪಟ್ಟಿಯಷ್ಟೇ ಇದೆ. ಶ್ರೀಮಂತರ ಚಾಳಿಯಿಂದ ದೂರವಿರುವ ಸರಳ ಬದುಕನ್ನು ಕಲಿತದ್ದು ಅಮ್ಮನಿಂದ ಎಂದು ಅವನು ಅಲ್ಲಿ ಬರೆದುಕೊಂಡಿದ್ದಾನೆ.